ಇಲ್ಲೇ, ಆ ಕಡೆ

ಮೇ ತಿಂಗಳ ಶಿಲುಬೆ ಮೆರವಣಿಗೆಗೆ ಇನ್ನು ಮೂರೇ ದಿನ. ಈ ವರ್ಷ ಮೆರವಣಿಗೆಯಲ್ಲಿ ರಾಣಿ ಎಲೆನಾಳ ವೇಷ ತೊಡುವವಳು ತನ್ನ ತಂಗಿಯ ಮಗಳು ಮಯೂಮಿ ಎಂದು ಗೊತ್ತಾದಾಗಿನಿಂದ ಟೈಲರ್ ಲೊಯ್ದಾಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬಟಾಂಗಾಸ್ ಪ್ರಾಂತ್ಯದ ಆ ಊರಿನ ಎಷ್ಟೋ ರಾಣಿಯರಿಗೆ ಗೌನು ಹೊಲಿದವಳು ಅವಳು. ಮನೆಯ ಹುಡುಗಿಗೆ ಹೊಲಿಯುವ ಭಾಗ್ಯ ಇದೇ ಮೊದಲು.

ಲೊಯ್ದಾ ಯಾರನ್ನು ಮಾತನಾಡಿಸುವುದೂ ಮೈ ಅಳೆದೇ. "ಏನೇ, ಊದ್ಕೊಂಡಿದ್ದೀಯ" ಎಂದರೆ ಅವಳ ಲೆಕ್ಕದಲ್ಲಿ ಅದು ಪ್ರೀತಿ. ಕ್ರಿಸ್‌ಮಸ್ ಊಟಕ್ಕೆ ಬಂದ ಮಯೂಮಿಗೂ ಇಪ್ಪತ್ತು ಜನರ ಎದುರು ಅದನ್ನೇ ಹೇಳಿದ್ದಳು. ಎಲ್ಲರೂ ನಕ್ಕಿದ್ದರು, ಮಯೂಮಿಯೂ.

ಗುರುವಾರ ಬೆಳಿಗ್ಗೆ ತಾಯಿ ಮೆರ್ಲಿಂಡಾ ಮಗಳನ್ನು ಗೌನು ತೊಡಿಸಿ ನೋಡಲು ಕರೆತಂದಳು. ಗೌನಿನ ಸೊಂಟ ಎರಡು ಸಲ ಹಿಡಿಸಿ ಹೊಲಿದಾಗಿತ್ತು, ಮತ್ತೆ ಸಡಿಲ. ಟೇಪು ಸುತ್ತಿದ ಲೊಯ್ದಾಳ ಕೈಗೆ ಪಕ್ಕೆಲುಬು ಒಂದೊಂದಾಗಿ ಸಿಕ್ಕಿತು.

"ಇನ್ನೂ ಸ್ವಲ್ಪ ಬಿಗಿ ಮಾಡಿ, ಟೀಟಾ," ಎಂದಳು ಮಯೂಮಿ ದೊಡ್ಡಮ್ಮನಿಗೆ.

"ಇನ್ನೆಲ್ಲಿ ಬಿಗಿ ಮಾಡ್ಲೇ? ಮೂಳೆ ಕತ್ತರಿಸ್ಲಾ?"

ತಮಾಷೆಗೆ ಅಂದದ್ದು. ಹುಡುಗಿ ನಿಂತಲ್ಲೇ ಅಳತೊಡಗಿದಳು, ಅಳುತ್ತಲೇ ಎಲ್ಲ ಹೇಳಿದಳು. ಕ್ರಿಸ್‌ಮಸ್‌ನಿಂದ ತಿಂದದ್ದನ್ನೆಲ್ಲ ಕದ್ದು ಕಕ್ಕುತ್ತಿದ್ದಾಳೆ, ಬಿಡಬೇಕೆಂದರೂ ಆಗುತ್ತಿಲ್ಲ. ಇದನ್ನು ನೋಡುವ ಮನಸ್ಸಿನ ಡಾಕ್ಟರು ಆಸ್ಪತ್ರೆಗೆ ಬರುವುದು ತಿಂಗಳಿಗೊಮ್ಮೆ, ಅದೂ ಇವತ್ತು ಹನ್ನೆರಡರವರೆಗೆ. ಹೋಗುತ್ತೇನೆಂದರೆ ಅಮ್ಮ ಬಿಡುತ್ತಿಲ್ಲ.

ಮೆರ್ಲಿಂಡಾಳ ಮುಖ ಕೆಂಪಾಯಿತು. "ಆತೆ, ನೀನೇ ಹೇಳು," ಎಂದು ಅಕ್ಕನ ಕಡೆ ತಿರುಗಿದಳು. "ಹುಚ್ಚಿ ಅಂತ ಒಂದ್ಸಲ ಹೆಸರು ಬಿದ್ರೆ ಆಮೇಲೆ ಯಾರು ಅಳಿಸ್ತಾರೆ? ಇವಳಿಗೋಸ್ಕರ ನಾನೇನು ಕಮ್ಮಿ ಪ್ರಾರ್ಥನೆ ಮಾಡಿದ್ದೀನಾ? ಮೆರವಣಿಗೆ ಒಂದು ಮುಗೀಲಿ."

ಲೊಯ್ದಾ ಟೇಪು ಸುತ್ತಿಟ್ಟಳು. ಕ್ರಿಸ್‌ಮಸ್ ಊಟದ ಆ ನಗು ಈಗ ಅವಳ ಎದೆಗೇ ಚುಚ್ಚಿತು.

"ಊದ್ಕೊಂಡಿದ್ದೀಯ ಅಂತ ಮೊದಲು ಹೆಸರಿಟ್ಟವಳು ನಾನೇ, ಮೆರ್ಲಿ. ಪ್ರಾರ್ಥನೆ ನೀನು ಬಿಡ್ಬೇಡ. ಡಾಕ್ಟರ ಹತ್ರ ನಾನು ಕರ್ಕೊಂಡು ಹೋಗ್ತೀನಿ."

ಗಂಟೆ ಹನ್ನೊಂದೂಕಾಲು. ಕಳಚಿದ ಗೌನನ್ನು ಚೀಲಕ್ಕೆ ತುಂಬಿಕೊಂಡು, ಹುಡುಗಿಯ ಕೈ ಹಿಡಿದು, ಲೊಯ್ದಾ ಬೀದಿಯಲ್ಲಿ ಹೋಗುತ್ತಿದ್ದ ಮೂರುಚಕ್ರದ ಗಾಡಿ ನಿಲ್ಲಿಸಿದಳು. ಗೊಣಗುತ್ತಲೇ ಮೆರ್ಲಿಂಡಾಳೂ ಹತ್ತಿ, ಬೀಸಣಿಗೆಯಿಂದ ಮುಖ ಮುಚ್ಚಿಕೊಂಡಳು.

ಬ್ರೆಡ್ ಅಂಗಡಿಯ ತಿರುವಿನಲ್ಲಿ ಗಾಡಿ ನಿಧಾನವಾಯಿತು. "ಎಲ್ಲಿಗೆ ಸವಾರಿ?" ಅಂಗಡಿಯ ಒಡತಿ ತೋಯಾಂಗ್ ಕೂಗಿ ಕೇಳಿದಳು. ಆ ಊರಿನಲ್ಲಿ ದಾರಿಹೋಕರನ್ನು ಎಲ್ಲರೂ ಕೇಳುವುದು ಇದನ್ನೇ. "ಇಲ್ಲೇ, ಆ ಕಡೆ" ಎಂದರೆ ಸಾಕು, ಮರುಪ್ರಶ್ನೆ ಬರುವುದಿಲ್ಲ. ಲೊಯ್ದಾಳ ನಾಲಗೆ ತುದಿಗೂ ಅದೇ ಬಂದಿತ್ತು. ಅವಳು ಅದನ್ನು ನುಂಗಿಕೊಂಡಳು.

"ಡಾಕ್ಟರ ಹತ್ರ. ಹುಡುಗಿಗೆ ಊಟ ದಕ್ತಾ ಇಲ್ಲ. ಮನಸ್ಸಿನ ಡಾಕ್ಟರಿಗೆ ತೋರಿಸ್ತೀವಿ."

ತೋಯಾಂಗ್ ಕೈಯಲ್ಲಿದ್ದ ಬ್ರೆಡ್ಡಿನ ಇಕ್ಕಳವನ್ನು ಗಾಡಿಯವನತ್ತ ಚಾಚಿದಳು. "ಹನ್ನೆರಡಕ್ಕೆ ಬಾಗಿಲು ಹಾಕ್ತಾರೆ, ಬೇಗ ಓಡಿಸಪ್ಪಾ," ಎಂದು ಗಾಡಿಯವನನ್ನೇ ಗದರಿದಳು.

ಗಾಡಿ ಹಾರಿತು. ಚರ್ಚಿನ ಮುಂದೆ ಮೆರವಣಿಗೆಗೆ ಹೂವಿನ ಕಮಾನು ಕಟ್ಟುತ್ತಿದ್ದವರು, "ಏನು ರಾಣೀ, ಎಲ್ಲಿಗೆ?" ಎಂದರು. ಈ ಸಲ ಮಯೂಮಿಯೇ ಹೊರಗೆ ತಲೆ ಹಾಕಿ, "ಡಾಕ್ಟರ ಹತ್ರ" ಎಂದು ಕೂಗಿದಳು. ಕೂಗಿದ ಮೇಲೆ ಅವಳಿಗೆ ನಗು ಬಂತು.

ಹನ್ನೆರಡಕ್ಕೆ ಹತ್ತು ನಿಮಿಷ ಉಳಿದಿರುವಾಗ ಆಸ್ಪತ್ರೆಯಲ್ಲಿ ಹೆಸರು ಬರೆಸಿದರು. ಹುಡುಗಿ ಒಳಗೆ ಹೋದಳು. ಹೊರಗಿನ ಬೆಂಚಿನ ಮೇಲೆ, ಕಾದು ಕುಳಿತ ಜನರ ನಡುವೆ, ಲೊಯ್ದಾ ಬಿಳಿ ಗೌನನ್ನು ಬಿಡಿಸಿ, ಸೊಂಟ ಹಿಡಿಸಿದ್ದ ಹೊಲಿಗೆಯನ್ನು ಕತ್ತರಿಯ ತುದಿಯಿಂದ ಬಿಚ್ಚತೊಡಗಿದಳು. ಒಳಗೆ ಮಡಿಸಿಟ್ಟ ಬಟ್ಟೆ, ಹುಡುಗಿ ಮೈ ತುಂಬಿಕೊಂಡರೂ ಸಾಲುವಷ್ಟು, ಧಾರಾಳವಾಗಿಯೇ ಇತ್ತು.

ಮೆರ್ಲಿಂಡಾ ಬೀಸಣಿಗೆ ಮಡಚಿಟ್ಟು, ಗೌನಿನ ಇನ್ನೊಂದು ತುದಿ ಹಿಡಿದುಕೊಂಡಳು.