ಮರಿ ಒದರದ ಬ್ಯಾಗು

ಹದಿನಾರು ಹೆಸರುಗಳಲ್ಲಿ ಹದಿನೈದು ಪೆನ್ನಿನಲ್ಲಿದ್ದವು, ಒಂದು ಪೆನ್ಸಿಲ್ಲಿನಲ್ಲಿ. ಆ ಒಂದು ಹೆಸರು ಜಗದೇವಿಯದು.

ಉದಗೀರದ ಕಾಲೇಜಿನ ಆಟದ ಮಾಸ್ತರು ವೈಜನಾಥ ಸರ್ ಯಾದಿಯಲ್ಲಿದ್ದ ಆ ಹದಿನಾರು ಮಕ್ಕಳನ್ನು ಸಹ್ಯಾದ್ರಿಯ ಗುಡ್ಡಗಳಿಗೆ ಐದು ದಿನದ ಚಾರಣಕ್ಕೆ ಕರೆದೊಯ್ಯುವವರಿದ್ದರು. ಜಗದೇವಿಯ ಕಾಲಿನ ಮೇಲೆ ಅವರಿಗೆ ಅನುಮಾನವಿರಲಿಲ್ಲ, ಅನುಮಾನವೆಲ್ಲ ಎಡ ಹೆಗಲ ಮೇಲೆ. ಏಳು ವರ್ಷದವಳಿದ್ದಾಗ ಬೇವಿನ ಮರದಿಂದ ಬಿದ್ದು ಮುರಿದ ಹೆಗಲೆಲುಬು ಕೂಡಿಕೊಂಡಿತ್ತೇನೋ ನಿಜ, ಆದರೆ ಬಲಕ್ಕಿಂತ ಎರಡು ಬೆರಳು ಕೆಳಗಿಳಿದು ಕೂಡಿತ್ತು. ದುಪಟ್ಟಾ ಸಹ ಆ ಕಡೆ ನಿಲ್ಲುತ್ತಿರಲಿಲ್ಲ. ಭಾನುವಾರ ಐದು ಕಿಲೋ ಭಾರ ಹೊತ್ತು ಹತ್ತಿಬೇಟದ ಗುಡ್ಡದ ತುದಿಯವರೆಗೆ ನಡೆಯಬೇಕು, ನಡುವೆ ಎಲ್ಲಿಯಾದರೂ ಬ್ಯಾಗು ನೆಲಕ್ಕಿಟ್ಟರೆ ಹೆಸರು ಅಳಿಸುತ್ತೇನೆ, ಇಡದೆ ತುದಿ ಮುಟ್ಟಿದರೆ ಪೆನ್ನಿನಲ್ಲಿ ಬರೆಯುತ್ತೇನೆ ಎಂದು ಸರ್ ಮರಾಠಿಯಲ್ಲಿ, ಸಿಟ್ಟಿಲ್ಲದೆ, ಹವಾಮಾನ ಹೇಳಿದಂತೆ ಹೇಳಿದ್ದರು.

ಅಂದಿನಿಂದ ಜಗದೇವಿ ಕೂತಲ್ಲಿ ಕೂಡಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ.

ನಡೆಯುವ ಮನೆತನ ಅವರದು. ದೀಪಾವಳಿ ಮುಗಿದ ಮೇಲೆ ಅಪ್ಪ ಕಾಶೆಪ್ಪ ಬೀರಪ್ಪನಿಗೆ ಕಾಯಿ ಒಡೆದು ಕುರಿ ಹಿಂಡು ಹೊಡೆದುಕೊಂಡು ಗಡಿ ದಾಟಿ ಕರ್ನಾಟಕಕ್ಕೆ ಇಳಿಯುತ್ತಿದ್ದ. ಅವ್ವ, ಅಣ್ಣ, ಅಣ್ಣನ ಹೆಂಡತಿ, ಎಲ್ಲರೂ ಒಂದೊಂದು ಹೊರೆ ಹೊತ್ತು ಹಿಂದೆ ನಡೆಯುತ್ತಿದ್ದರು. ಹೊರೆ ಹೊರಲಾರದವಳೆಂದು ಜಗದೇವಿ ಮಾತ್ರ ವಲಾಂಡಿಯ ಮನೆಯಲ್ಲಿ ಆಯಿ ಗುಂಡಮ್ಮನ ಹತ್ತಿರ ಉಳಿಯುತ್ತಿದ್ದಳು. ಆಯಿ ಅಂದರೆ ಅಪ್ಪನ ತಾಯಿ. ಕುರಿಯ ಹಿಂದೆ ಹೋಗದ ಹುಡುಗಿಗೆ ಆಯಿ ಕತೆಯಲ್ಲೇ ದಾರಿ ತೋರಿಸಿದಳು. ಒಬ್ಬ ಕುರುಬರ ಹುಡುಗಿ ಇದ್ದಳಂತೆ, ಅವಳ ಹಿಂಡೆಲ್ಲ ಮೋಡವಂತೆ. ದೊಡ್ಡ ಗುಡ್ಡದ ನೆತ್ತಿಗೆ ಹೋಗಿ ಅವಳು ಸೀಟಿ ಹೊಡೆದರೆ ಬಿಳಿ ಕುರಿ, ಕರಿ ಕುರಿ ಎಲ್ಲ ಕಣಿವೆಯಿಂದ ಎದ್ದು ಬಂದು ಅವಳ ಕಾಲು ನೆಕ್ಕುತ್ತಿದ್ದವಂತೆ. ಕತೆ ಕೇಳುವಾಗ ಜಗದೇವಿಯ ಕಾಲು ಚಾಪೆಯ ಮೇಲೇ ನಡೆಯುತ್ತಿದ್ದವು. ಹತ್ತೊಂಬತ್ತಾದರೂ ಆ ಚಟ ಬಿಟ್ಟಿರಲಿಲ್ಲ. ಮೋಡ ಕಾಲ ಕೆಳಗೆ ಬರುವಷ್ಟು ಎತ್ತರದ ಗುಡ್ಡಗಳಿಗೇ ಸರ್ ಹೋಗುವವರು ಎಂದು ತಿಳಿದ ಮೇಲಂತೂ ರಾತ್ರಿಯ ನಿದ್ದೆಯೂ ಹೋಯಿತು.

ಹಗುರವಾದ, ಹಿತವಾಗಿ ಕೂಡುವ ಒಂದು ಬ್ಯಾಗು ಸಿಕ್ಕರೆ ಹೆಗಲಿಗೆ ಗೊತ್ತಾಗದಂತೆ ದಾಟಿಬಿಡಬಹುದು ಎಂಬುದು ಅವಳ ಎಣಿಕೆ. ತುರೋರಿಯಲ್ಲಿ ಚಿಕ್ಕವ್ವ ಸುಮಿತ್ರಾಬಾಯಿಯ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆಂದು ಹೋದವಳು ಹೋಳಿಗೆ ಅರ್ಧಕ್ಕೆ ಬಿಟ್ಟು ಉಮರ್ಗಾ ಬಜಾರಕ್ಕೆ ಓಡಿದಳು. ಅಲ್ಲಿ ಒಂಬತ್ತು ಬ್ಯಾಗು ಹಾಕಿ ನೋಡಿದಳು. ಬರುವಾಗ ನಿಲಂಗಾದಲ್ಲಿ ಬಸ್ಸು ಬದಲಿಸುವ ಹೊತ್ತಿನಲ್ಲಿ ಸ್ಟ್ಯಾಂಡಿನೆದುರಿನ ಅಂಗಡಿಯಲ್ಲಿ ಮತ್ತೆ ಆರು ಹಾಕಿದಳು, ಆರನೆಯದನ್ನು ತೆಗೆಯುವಷ್ಟರಲ್ಲಿ ಬಸ್ಸು ಹೋಯಿತು. ಎಲ್ಲವೂ ಚಂದ ಕೂತವು. ತೊಂದರೆಯೇ ಅದು. ಒಂದೂ ನೋಯಿಸದಿದ್ದರೆ ಯಾವುದನ್ನು ಬಿಡುವುದು? ಕೊನೆಗೆ ಬುಧವಾರ ಉದಗೀರದಲ್ಲಿ, ಭಾಲ್ಕಿ ಕಡೆಯಿಂದ ಬಂದು ಅಂಗಡಿ ಹಾಕಿದ್ದ ಅಮರನಾಥನ ಹತ್ತಿರ, ಆಕಾಶದ ಬಣ್ಣದ ಒಂದು ಬ್ಯಾಗು ಕೈಗೆ ಬಂತು. ಒಂದು ಬೆರಳಿಗೆ ಸಿಕ್ಕಿಸಿ ತೂಗಿದರೂ ಬೆರಳು ಬಾಗಲಿಲ್ಲ. ಕನ್ನಡಿಯಲ್ಲಿ ಅವಳ ಬೆನ್ನಿಗೆ ರೆಕ್ಕೆ ಬಂದ ಹಾಗೆ ಕಂಡಿತು. ಹೊಲಸಾಗದಿದ್ದರೆ ಎರಡು ದಿನದೊಳಗೆ ಬದಲಿಸಿ ಕೊಡುವೆನೆಂದು ಅಮರನಾಥ ಹೇಳಿದ. ಬದಲಿಸುವ ಮಾತೇ ಇಲ್ಲವೆಂದು ಅವಳು ನಕ್ಕಳು.

ಮನೆಗೆ ಬಂದು ಸರ್ ಕೊಟ್ಟ ಸಾಮಾನಿನ ಯಾದಿಯ ಪ್ರಕಾರ ಎರಡು ಬಾಟಲಿ ನೀರು, ರೊಟ್ಟಿ ಗಂಟು, ಚಾದರ, ಬ್ಯಾಟರಿ ತುಂಬಿ ಬೀರಪ್ಪನ ಗುಡಿಯ ತನಕ ಹೋಗಿ ಬಂದಳು. ಹೋಗುವಾಗ ಎಡ ಪಟ್ಟಿ ನಾಲ್ಕು ಸಲ ಜಾರಿತು. ಬರುವಾಗ ಅದನ್ನು ಬಲಗೈಯಲ್ಲಿ ಹಿಡಿದುಕೊಂಡೇ ಬಂದಳು. ಅಂಗಳಕ್ಕೆ ಕಾಲಿಟ್ಟವಳೇ ಬ್ಯಾಗನ್ನು ನೆಲಕ್ಕಿಟ್ಟಳು. ಇಟ್ಟ ಮೇಲೆ ತಾನೇನು ಮಾಡಿದೆನೆಂದು ಹೊಳೆದು ಅಲ್ಲೇ ಕೂತುಬಿಟ್ಟಳು. ಗುಡಿ ಎಷ್ಟು ದೂರ, ಹತ್ತಿಬೇಟ ಎಷ್ಟು ದೂರ.

ಗುಂಡಮ್ಮ ಕುರಿದೊಡ್ಡಿಯ ಬಾಗಿಲಲ್ಲಿ ಉಣ್ಣೆ ಬಿಡಿಸುತ್ತ ಎಲ್ಲವನ್ನೂ ನೋಡಿದ್ದಳು. ಅಂಗಡಿಯಲ್ಲಿ ಏನು ಹಾಕಿ ನೋಡಿದೆಯೆಂದು ಕೇಳಿದಳು. ಬ್ಯಾಗು ಹಾಕಿ ನೋಡಿದೆನೆಂದಳು ಜಗದೇವಿ.

"ಬ್ಯಾಗಿನ್ಯಾಗ ಏನು ಹಾಕಿ ನೋಡ್ದಿ ಅಂತ ಕೇಳ್ಲತ್ತಿನಿ."

ಅಂಗಡಿಯ ಬ್ಯಾಗುಗಳ ಹೊಟ್ಟೆ ಉಬ್ಬಿಸಲು ಹಳೆ ಪೇಪರು ತುರುಕಿರುತ್ತಾರೆ. ಮೂರು ಊರು ಸುತ್ತಿ ಜಗದೇವಿ ಹೊತ್ತು ನೋಡಿದ್ದು ಪೇಪರು.

"ಕುರುಬರ ಹೊಟ್ಯಾಗ ಹುಟ್ಟಿ ಬರೇ ಜೋಳಿಗಿ ಹೊತ್ತು ನೋಡ್ತಾರೇನು, ಹುಚ್ಚಿ?" ಅಂದಳು ಗುಂಡಮ್ಮ.

ಅವರಲ್ಲಿ ಒಂದು ರೂಢಿ ಇತ್ತು. ಹಿಂಡು ನಡೆಯುವಾಗ ಹಾದಿಯಲ್ಲೇ ಕುರಿ ಈದರೆ ಎಳೆಮರಿಯನ್ನು ಕಂಬಳಿಯ ಜೋಳಿಗೆಯಲ್ಲಿ ಹಾಕಿ ಬೆನ್ನಿಗೆ ಕಟ್ಟಿಕೊಂಡು ನಡೆಯಬೇಕು. ಅಂಥ ಜೋಳಿಗೆ ಹೊಸದಾಗಿ ಹೊಲಿದಾಗ ಅದನ್ನು ಕೈಯಿಂದ, ಕಣ್ಣಿಂದ ನೋಡಿ ಒಪ್ಪುತ್ತಿರಲಿಲ್ಲ. ಒಂದು ಮರಿ ಹಾಕಿ ದೊಡ್ಡಿಯನ್ನು ಏಳು ಸುತ್ತು ಬರುತ್ತಿದ್ದರು. ಮರಿ ಬ್ಯಾ ಎಂದು ಒದರಿದರೆ ಜೋಳಿಗೆ ಬಿಚ್ಚಿ ಮತ್ತೆ ಹೊಲಿಯಬೇಕು. ಹೊತ್ತವರ ಮೈ ವಾಲಿದರೆ ಮರಿಗೆ ತಿಳಿಯುತ್ತದೆ, ಕುತ್ತಿಗೆಯ ನರ ಬಿಗಿದರೂ ತಿಳಿಯುತ್ತದೆ. ಹೊತ್ತವರು ಸುಳ್ಳು ಹೇಳಿಯಾರು, ಮರಿ ಹೇಳುವುದಿಲ್ಲ ಎಂಬುದು ಗುಂಡಮ್ಮನ ಮಾತು. ಹಿಂಡಿನ ಜೊತೆ ಕಳಿಸದೆ ಮನೆಯಲ್ಲುಳಿಸಿದ್ದ ಕುರಿಗೆ ಹದಿನೈದು ದಿನದ ಕರಿ ಮರಿಯಿತ್ತು. ಅದನ್ನೆತ್ತಿ ಕೈಯಲ್ಲೇ ತೂಗಿ, ನಿಮ್ಮ ಸರ್ ಹೇಳಿದ ಐದು ಕಿಲೋ ಇದೇ ನೋಡು ಎಂದು ಆಕಾಶದ ಬಣ್ಣದ ಬ್ಯಾಗಿಗೆ ಹಳೆ ಸೀರೆ ಹಾಸಿ ಇಳಿಸಿದಳು. ಜಗದೇವಿ ಮೂರು ಹೆಜ್ಜೆ ಇಡಲಿಲ್ಲ, ಮರಿ ಓಣಿಯೆಲ್ಲ ಕೇಳುವಂತೆ ಒದರಿತು.

ಮರುದಿನ ಮುಂಜಾನೆಯ ಬಸ್ಸಿಗೆ ಮೂವರೂ ಹೊರಟರು: ಆಯಿ, ಮೊಮ್ಮಗಳು, ಸೀರೆಯ ತುಂಡಿನಲ್ಲಿ ಸುತ್ತಿದ ಮರಿ. ಹಾಲು ಕುಡಿಸಿ ಕರೆತಂದಿದ್ದರು, ಮಧ್ಯಾಹ್ನದ ಬಸ್ಸಿಗೆ ತಾಯಿಯ ಹತ್ತಿರ ತಿರುಗಿ ಮುಟ್ಟಿಸಲೇಬೇಕು. ಕಂಡಕ್ಟರು ಮರಿಗೆ ಅರ್ಧ ತಿಕೀಟು ಹರಿಯಲೇ ಎಂದು ಮರಾಠಿಯಲ್ಲಿ ಕೆಣಕಿದ. ಕಾಲೇಜಿಗೆ ಹೋಗುವ ಮರಿ ಇದು, ಪಾಸ್ ಇದೆ ಎಂದು ಗುಂಡಮ್ಮ ಮರಾಠಿಯಲ್ಲೇ ತಿರುಗಿಸಿದಳು. ಬಸ್ಸು ನಕ್ಕಿತು. ಜಗದೇವಿ ನಗಲಿಲ್ಲ. ಕಿಟಕಿಯ ಸರಳನ್ನು ಹಿಡಿದುಕೊಂಡು ಪ್ರತಿ ಊರು ಬಂದಾಗಲೂ ಇನ್ನೆಷ್ಟು ದೂರವೆಂದು ಲೆಕ್ಕ ಹಾಕಿದಳು; ದಿನವೂ ಹೋಗುವ ದಾರಿಯನ್ನೇ ಮೊದಲ ಸಲ ನೋಡುವವಳ ಹಾಗೆ.

ಅಂಗಡಿಯೊಳಗೆ ಮರಿಯ ಮೂತಿ ಕಂಡದ್ದೇ ಅಮರನಾಥ ಗಲ್ಲೆಯಿಂದ ಎದ್ದು ನಿಂತ.

"ಯವ್ವಾ, ಇದು ಬ್ಯಾಗಿನ ಅಂಗಡಿ ಅದ. ಕುರಿ ಸಂತಿ ಅಲ್ಲ."

"ಸಂತ್ಯಾಗ ಕುರಿ ಹಲ್ಲ ನೋಡಿ ತಗೋತಾರ, ತಮ್ಮಾ," ಅಂದಳು ಗುಂಡಮ್ಮ. "ನಿನ್ನ ಬ್ಯಾಗಿಗಿ ಹಲ್ಲ ಇಲ್ಲ. ಅದಕ್ಕ ಮರಿ ತಂದೀವಿ."

ಅವಳು ಸೀರೆ ಹಾಸಿದ್ದನ್ನು ತೋರಿಸಿದಳು, ಒಂದು ಹನಿ ಬಿದ್ದರೂ ಆ ಬ್ಯಾಗು ತಮ್ಮದೇ ಎಂದಳು, ಭಾಲ್ಕಿಯಲ್ಲಿ ಅವನ ಮನೆ ಯಾವ ಓಣಿಯಲ್ಲಿದೆಯೆಂದು ಕೇಳಿದಳು, ಆ ಓಣಿಯಲ್ಲಿ ತಾನು ಹಿಂಡಿನ ಜೊತೆ ಹೋದಾಗ ನೀರು ಕುಡಿದ ಬಾವಿಯ ಗುರುತು ಹೇಳಿದಳು. ಅಮರನಾಥನಿಗೆ ಇಲ್ಲವೆನ್ನಲು ಎಡೆಯೇ ಸಿಗಲಿಲ್ಲ. ಅಷ್ಟರಲ್ಲಿ ಅವಳು ಮೊದಲ ಬ್ಯಾಗಿನ ಹೊಟ್ಟೆಗೆ ಕೈ ಹಾಕಿ ಪೇಪರು ಎಳೆಯುತ್ತ, ಎಷ್ಟು ಸುದ್ದಿ ತುಂಬಿದ್ದೀಯಪ್ಪ ಎನ್ನುತ್ತಿದ್ದಳು.

ಆ ಉದ್ದನೆಯ ಅಂಗಡಿಯಲ್ಲಿ ಜಗದೇವಿ ನಡೆಯತೊಡಗಿದಳು. ಬಾಗಿಲಿನಿಂದ ಕನ್ನಡಿಗೆ, ಕನ್ನಡಿಯಿಂದ ಬಾಗಿಲಿಗೆ. ಕೆಂಪು ಬ್ಯಾಗಿನಲ್ಲಿ ಮರಿ ಕೂಡಲೇ ಒದರಿತು. ಹಸಿರಿನದರಲ್ಲಿ ಎರಡು ಸುತ್ತು ತಡೆಯಿತು. ಮೂರನೆಯದರಲ್ಲಿ ಬ್ಯಾಗಿನ ತಳ ಅವಳ ಕುಂಡಿಗೆ ಬಡಿದು ಬಡಿದು ಮರಿಯೂ ಕುಣಿದು ಒದರಿತು. ಉದ್ದ ಬೆನ್ನಿನವರ ಬ್ಯಾಗು ಅದು, ನಿನಗಲ್ಲವೆಂದು ಗುಂಡಮ್ಮ ಕಿತ್ತುಕೊಂಡಳು. ಹೊರಗೆ ಹಣ್ಣಿನ ಗಾಡಿಯವರು ನಿಂತು ನೋಡತೊಡಗಿದ್ದರು. ಐದಾದವು, ಏಳಾದವು. ಗೋಡೆಯ ಗಡಿಯಾರ ಹನ್ನೊಂದೂವರೆ ತೋರಿಸಿತು. ಜಗದೇವಿಯ ಕಣ್ಣು ತುಂಬಿಕೊಂಡವು. ತಪ್ಪು ಬ್ಯಾಗಿನದಲ್ಲ, ಹೆಗಲಿನದು. ಹೆಗಲನ್ನು ಯಾವ ಅಂಗಡಿಯಲ್ಲೂ ಬದಲಿಸಿ ಕೊಡುವುದಿಲ್ಲ. ಮನೆಗೆ ಹೋಗೋಣ ಆಯಿ ಎಂದಳು, ಮರಿ ಹಸಿದಿರಬೇಕು.

ಗುಂಡಮ್ಮ ಕೇಳಿಸಿಕೊಳ್ಳಲಿಲ್ಲ. ಅವಳ ಕಣ್ಣು ಶಟರಿನ ಹಿಂದಿನ ಮೊಳೆಯ ಮೇಲಿತ್ತು. ಅಲ್ಲಿ ಮಣ್ಣಿನ ಬಣ್ಣದ, ಬಿಸಿಲಿಗೆ ಒಂದು ಮಗ್ಗುಲು ಮಾಸಿದ ಮೋಟು ಬ್ಯಾಗೊಂದು ತೂಗುತ್ತಿತ್ತು, ಅದರ ಸೊಂಟದಿಂದ ಎರಡು ಅಗಲವಾದ ಪಟ್ಟಿ ಜೋತುಬಿದ್ದಿದ್ದವು. ಅದನ್ನು ತೋರಿಸಲು ಅಮರನಾಥನಿಗೇ ನಾಚಿಕೆ. ಹಳೆ ಸರಕು ಅದು, ಮೇಲಾಗಿ ಆ ನೀಲಿಯದಕ್ಕಿಂತ ವಜ್ಜೆ, ಇವಳು ಹಗುರದ್ದು ಕೇಳುತ್ತಾಳೆ ಎಂದ.

"ಕೈಗಿ ಹಗುರ ಇದ್ದದ್ದು ಬೆನ್ನಿಗಿ ಹಗುರ ಇರ್ತದೇನು?" ಅಂದಳು ಗುಂಡಮ್ಮ. ಮರಿಯನ್ನು ಅದರೊಳಗೆ ಇಳಿಸಿ, ಬ್ಯಾಗನ್ನು ಮೊಮ್ಮಗಳ ಬೆನ್ನಿಗೆ ಏರಿಸಿದಳು. ಸೊಂಟದ ಪಟ್ಟಿಯನ್ನು ಟೊಂಕದ ಎಲುಬಿನ ಮೇಲೆ ಕೂಡಿಸಿ ಎಳೆದು ಬಿಗಿದಳು. ಆಮೇಲೆ ಅವಳ ಎದುರು ಬಂದು ನಿಂತು, ಎಡ ಹೆಗಲ ಪಟ್ಟಿಯನ್ನು ಎರಡು ಬೆರಳಿನಷ್ಟು ಗಿಡ್ಡ ಮಾಡಿ ಜಗ್ಗಿದಳು. ಎರಡೇ ಬೆರಳು, ಅಳೆದ ಹಾಗೆ.

"ಹೊರಿ ಟೊಂಕದ ಮ್ಯಾಲ ಕೂಡಬೇಕು, ತಂಗಿ. ಹೆಗಲು ಬರೇ ಹಿಡಕೊಂಡಿರಬೇಕು. ಈ ಮಾತು ನಿನಗ ಆಗ್ಲೇ ಹೇಳಿದ್ರ, ಹೋದ ಹತ್ತು ವರ್ಷ ನೀ ಹಿಂಡಿನ ಕೂಡ ನಡೀತಿದ್ದಿ. ಬಿದ್ದ ಹುಡುಗಿ ಅಂತ ನಾನೇ ಅಂಜಿದೆ."

ಜಗದೇವಿಗೆ ಅನ್ನಲು ಬಹಳ ಇತ್ತು; ಆದರೆ ಕಾಲು ಆಗಲೇ ಹೊರಟಿದ್ದವು. ಬಾಗಿಲಿನಿಂದ ಕನ್ನಡಿಗೆ, ಕನ್ನಡಿಯಿಂದ ಬಾಗಿಲಿಗೆ. ಮೂರು ಸುತ್ತು, ನಾಲ್ಕು. ಐದನೆಯ ಸುತ್ತಿಗೆ ಬೆನ್ನಿನ ಮೇಲೆ ಬೆಚ್ಚಗೆ ಏನೋ ಒರಗಿತು. ಏಳು ಮುಗಿಸಿ ನಿಂತಾಗ ಅಮರನಾಥ ಹಿಂದಿನಿಂದ ಬಗ್ಗಿ ನೋಡಿ, ಮಲಗಿದೆ ಎಂದು ತುಟಿಯಲ್ಲೇ ಹೇಳಿದ.

ನೀಲಿಯದಕ್ಕೆ ಬದಲಾಗಿ ತಂದ ಆ ಬ್ಯಾಗಿನಲ್ಲಿ ಭಾನುವಾರ ಮರಿಯ ಜಾಗದಲ್ಲಿ ನೀರು, ರೊಟ್ಟಿ, ಚಾದರ ಕೂತಿದ್ದವು. ಮುಂಜಾನೆ ಗೆಳತಿ ಸ್ವಪ್ನಾಲಿ ಅದನ್ನು ನೋಡಿ, ಸೆಗಣಿಯ ಕುಳ್ಳು ತಟ್ಟಿದ ಬಣ್ಣ ಎಲ್ಲಿ ಸಿಕ್ಕಿತೇ ಎಂದು ನಕ್ಕಳು. ಅವಳದು ಗುಲಾಬಿ ಬಣ್ಣದ್ದು, ಎರಡು ತಾಸು ನಡೆದ ಮೇಲೆ ಅವಳು ಅದನ್ನು ಎದೆಗೆ ಹಾಕಿಕೊಂಡಳು, ಆಮೇಲೆ ತಲೆಯ ಮೇಲಿಟ್ಟುಕೊಂಡಳು. ಜಗದೇವಿ ಯಾರ ಮಾತಿಗೂ ಸೇರಲಿಲ್ಲ. ಪ್ರತಿ ತಿರುವಿನಲ್ಲೂ ಎಡಗೈ ತಾನಾಗಿಯೇ ಹೆಗಲಿಗೆ ಹೋಗುತ್ತಿತ್ತು, ಜಾರಿತೇ ಎಂದು. ಪಟ್ಟಿ ಇದ್ದಲ್ಲೇ ಇರುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಕೈ ಹೋಗುತ್ತಿತ್ತು. ಹಳೆಯ ನೋವು ಬರಲಿಲ್ಲವೆಂದಲ್ಲ. ಗುಡ್ಡದ ಬುಡದಲ್ಲಿ ಬಂತು, ಒಂದು ಸೂಜಿಯಷ್ಟು, ಹತ್ತುವಾಗ ಜೊತೆಗೇ ಬಂತು. ವೈಜನಾಥ ಸರ್ ಅವಳ ಹಿಂದೆಯೇ ನಡೆಯುತ್ತಿದ್ದರು, ಅವರ ಬೂಟಿನ ಸದ್ದು ಅವಳಿಗೆ ನೋವಿಗಿಂತ ಹತ್ತಿರದಲ್ಲಿತ್ತು.

ತುದಿಯಲ್ಲಿ ಗಾಳಿ ಇತ್ತು, ಮೋಡವಿರಲಿಲ್ಲ. ಎಲ್ಲರೂ ಬ್ಯಾಗು ಎಸೆದು ಬಂಡೆಯ ಮೇಲೆ ಚೆಲ್ಲಿಕೊಂಡರು. ಸರ್ ಜೇಬಿನಿಂದ ಮಡಚಿದ ಯಾದಿ ತೆಗೆದು, ಪೆನ್ಸಿಲ್ಲಿನ ಹೆಸರಿನ ಮೇಲೆಯೇ ಪೆನ್ನಿನಿಂದ ತಿದ್ದಿ ಬರೆದು ಅವಳಿಗೆ ತೋರಿಸಿದರು. ಜಗದೇವಿ ತಲೆಯಾಡಿಸಿದಳು. ಆದರೂ ಬ್ಯಾಗು ಇಳಿಸಲಿಲ್ಲ, ಕೂಡಲೂ ಇಲ್ಲ. ಬಂಡೆಯ ಅಂಚಿನ ಗುಂಟ ಅತ್ತಿಂದಿತ್ತ ನಡೆಯುತ್ತಲೇ ಇದ್ದಳು, ನಿಂತರೆ ಯಾರಾದರೂ ಮತ್ತೆ ಅಳಿಸಿಬಿಡುತ್ತಾರೇನೋ ಎಂಬಂತೆ.

ಆಗ ಫೋನು ಬಂತು. ಪಕ್ಕದ ಮನೆಯವರ ಫೋನಿನಿಂದ ಗುಂಡಮ್ಮ. ಮುಟ್ಟಿದೆಯಾ, ಉಂಡೆಯಾ ಎಂದೇನೂ ಅವಳು ಕೇಳಲಿಲ್ಲ.

"ಒದರಿತೇನು?"

ಜಗದೇವಿ ಒಂದು ಕ್ಷಣ ನಿಂತು ಬೆನ್ನಿಗೆ ಕಿವಿಗೊಟ್ಟಳು.

"ಇಲ್ಲಾಯಿ."

"ಹಂಗಾರ ಇಳಸು. ಮೇಯ್ಲಿ."

ಅವಳು ಟೊಂಕದ ಪಟ್ಟಿ ಬಿಚ್ಚಿದಳು, ಬ್ಯಾಗನ್ನು ಎರಡೂ ಕೈಯಿಂದ ಮೆಲ್ಲಗೆ ಹುಲ್ಲಿನ ಮೇಲಿಟ್ಟಳು, ಅದರ ಬಾಯಿ ತೆರೆದಳು.