ಕಂಬಳಿಯ ಮೇಲೊಂದು ಸೀಟು

ನಮ್ಮಣ್ಣ ಪಾಪಣ್ಣ ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಓಡುತ್ತಿದ್ದ ಖಾಸಗಿ ಬಸ್ಸೊಂದರ ಕಂಡಕ್ಟರ್. ಎಪ್ಪತ್ತೈದನೇ ಇಸವಿಯ ಆಸುಪಾಸಿನ ಮಾತು. ಹಿತ್ತಾಳೆ ತಂಬಿಗೆಗೆ ಕೆಂಡ ತುಂಬಿ ತಾನೇ ಇಸ್ತ್ರಿ ಮಾಡಿಕೊಂಡ ಖಾಕಿ ಬಟ್ಟೆಯ ಗೆರೆ, ಸಂಜೆ ಕೊನೆಯ ಟ್ರಿಪ್ ಮುಗಿಸಿ ಬಂದಾಗಲೂ ಹಾಗೇ ನಿಂತಿರುತ್ತಿತ್ತು. ಸಂತೆಯ ದಿನ ಬಸ್ಸು ಬಿರಿಯುವಂತೆ ತುಂಬಿದ್ದರೂ ಅವನು ದನಿ ಎತ್ತಿದ್ದನ್ನು ನಾನು ಕೇಳಿಲ್ಲ. ಕೋಳಿ ಬುಟ್ಟಿ ಹಿಡಿದ ಮುದುಕಿಗೆ ಜಾಗ ಬೇಕಾದರೆ, ಅಗಲವಾಗಿ ಕೂತ ಯಜಮಾನರ ಹತ್ತಿರ ಹೋಗಿ ಅವರ ಮೊಮ್ಮಗನ ಜ್ವರ ಹೇಗಿದೆ ಎಂದು ವಿಚಾರಿಸುತ್ತಿದ್ದ. ಯಜಮಾನರು ಉತ್ತರ ಕೊಡುತ್ತ ಕೊಡುತ್ತಲೇ ಸರಿದು ಕೂರುತ್ತಿದ್ದರು. ಆಮೇಲೆ ಬುಟ್ಟಿಯ ಹುಂಜಕ್ಕೂ ಟಿಕೆಟ್ ತಗೋಬೇಕೆಂದು ಮುಖ ಗಂಟಿಕ್ಕಿ ಮುದುಕಿಯನ್ನು ನಗಿಸುತ್ತಿದ್ದ.

ನಾನು ದುರ್ಗದ ಕಾಲೇಜಿನಲ್ಲಿ ಓದುತ್ತಿದ್ದೆ. ಭಾನುವಾರ ಸೈಕಲ್ ಶಾಪಿನ ಮೇಲಿನ ಕೋಣೆಯಲ್ಲಿ ನಮ್ಮ ಓದುಗರ ಕೂಟ ಸೇರುತ್ತಿತ್ತು. ಕೆಳಗಿನ ಪಂಕ್ಚರ್ ಸಲ್ಯೂಷನ್ ವಾಸನೆ, ಒಂದೇ ಪುಸ್ತಕಕ್ಕೆ ಮುಗಿಬಿದ್ದ ತಲೆಗಳು, ಪಾಲು ಮಾಡಿ ಕುಡಿದ ಚಹಾ. ಈಗಲೂ ಟೈರಿನ ವಾಸನೆ ಬಂದರೆ ನನಗೆ ಯಾವುದೋ ಪುಟ ನೆನಪಾಗುತ್ತದೆ. ಅಲ್ಲೊಂದು ವಾರ ಠೀವಿ, ನಾಜೂಕು, ಬೆಡಗು, ಗತ್ತು, ಶೋಕಿ ಎಂಬ ಮಾತುಗಳ ಮೇಲೆ ಜಗಳವೇ ಆಯಿತು. ಮಂಡಿ ಸಾಹುಕಾರರ ಮಗ ಟೆರಿಲಿನ್ ಅಂಗಿ ತೊಟ್ಟರೆ ಠೀವಿ. ನಮ್ಮಂಥ ಕುರಿ ಕಾಯುವವರ ಮಗ ಅದೇ ಬಟ್ಟೆ ಹೊಲಿಸಿಕೊಂಡರೆ ಶೋಕಿ. ಅವರು ಮೆಲ್ಲಗೆ ಮಾತಾಡಿದರೆ ನಯ, ನಾವು ಮೆಲ್ಲಗೆ ಮಾತಾಡಿದರೆ ನಾಟಕ. ಮಾತುಗಳನ್ನೂ ಪಂಕ್ತಿ ಹಾಕಿ, ಮೇಲು ಕೀಳು ನೋಡಿಯೇ ಬಡಿಸುತ್ತಾರೆ ಎಂದು ನಾನು ಮೇಜು ಗುದ್ದಿದ್ದೆ.

ನಮ್ಮ ಮನೆಗೆ ಅದು ಬರೀ ಚರ್ಚೆಯಾಗಿರಲಿಲ್ಲ. ಸಂಬಂಧ ಮಾತಾಡುವ ಮುಂಚೆ ಹೆಣ್ಣಿನ ಕಡೆಯವರು ಗುರುತು ಹೇಳದೆ ಗಂಡಿನ ಊರಿಗೆ ಬಂದು, ಹೋಟೆಲು, ಮಂಡಿ, ಬಾವಿಕಟ್ಟೆಗಳಲ್ಲಿ ಹುಡುಗ ಹೇಗೆ ಎಂದು ಕೇಳಿಕೊಂಡು ಹೋಗುವುದು ನಮ್ಮವರ ಪದ್ಧತಿ. ಅಣ್ಣನಿಗೆ ಕೂಡಿಬರುತ್ತಿದ್ದ ಸಂಬಂಧಗಳು ಹಾಗೆ ಕೇಳಿಕೊಂಡು ಹೋದವರಿಂದಲೇ ಮುರಿದಿದ್ದವು. ಕಳ್ಳ ಅಂದಿರಲಿಲ್ಲ, ಕುಡುಕ ಅಂದಿರಲಿಲ್ಲ. ಶೋಕಿ ಆಳು ಅಂದಿದ್ದರು. ಅಷ್ಟೇ ಸಾಕಾಗಿತ್ತು.

ಈ ಸಲ ತುರುವನೂರಿನ ಕರಿಸಿದ್ದಪ್ಪನವರ ಮಗಳು ಚಂದ್ರಕ್ಕ. ನೆಂಟರ ಮನೆಗೆಂದು ಹುಂಜವೊಂದನ್ನು ಹಿಡಿದು ಅವನ ಬಸ್ಸಿನಲ್ಲಿ ಬಂದವಳು, ಅವನು ಹುಂಜದ ಟಿಕೆಟ್ ಕೇಳಿದರೆ, ಅದಕ್ಕೆ ಪಾಸ್ ಐತೆ ಎಂದು ಅವನ ಬಾಯನ್ನೇ ಕಟ್ಟಿಹಾಕಿದ್ದಳಂತೆ. ಅಣ್ಣ ಸೋತುಬಿಟ್ಟಿದ್ದ. ತುರುವನೂರಿಗೆ ಹೊರಟ ಬೆಳಿಗ್ಗೆ ಅವ್ವನಿಗೆ ಒಂದೇ ಮಾತು ಹೇಳಿದ. "ಇದೂ ಮುರಿದ್ರೆ ಇನ್ಯಾರ ಮನೆ ಬಾಗ್ಲಿಗೂ ನನ್ನ ಕರ್ಕಂಡು ಹೋಗ್ಬೇಡ ಕಣವ್ವ."

ಮತ್ತೆ ಶೋಕಿ ಅಂದಾರು, ಇಸ್ತ್ರಿ ಮಾಡಿದ ಆ ಬಿಳಿ ಅಂಗಿ ಬೇಡ ಎಂದು ಅವ್ವ ಗೋಗರೆದಳು. ಅವನು ಅದನ್ನೇ ಹಾಕಿದ.

ಕರಿಸಿದ್ದಪ್ಪನವರ ಪಡಸಾಲೆಯಲ್ಲಿ ಕರಿ ಕಂಬಳಿ ಹಾಸಿದ್ದರು. ನಮ್ಮಲ್ಲಿ ಕಂಬಳಿ ಅಂದರೆ ಗದ್ದುಗೆ. ಅದರ ಮೇಲೆ ಕೂತರೆ ಮಾತು ಶುರು, ಅಲ್ಲೇ ತಾಂಬೂಲ. ಹಿರಿಯರು ಕೂತರು, ಅವ್ವ ಕೂತಳು, ನಾನೂ ಕೂತೆ. ಅಣ್ಣ ಮಾತ್ರ ನಿಂತೇ ಇದ್ದ. ಎಲ್ಲರ ಕಣ್ಣು ಅವನ ಪ್ಯಾಂಟಿನ ಗೆರೆಯ ಮೇಲೆ ಬಿತ್ತು. ಕರಿಸಿದ್ದಪ್ಪ ಎಲೆಯ ತೊಟ್ಟು ಮುರಿಯುತ್ತ, "ನಿಮ್ಮೂರ ಮಂಡಿಯಾಗೆ ಕೇಳಿದ್ದೆ ಕಣಮ್ಮ, ಶೋಕಿ ಆಳು ಅಂದ್ರು. ಕಣ್ಣಾರೆ ನೋಡಾಣ ಅಂತ ಕರೆಸ್ದೆ. ಉಣ್ಣೆ ಅಂಟ್ಕಂಡೀತು ಅಂತ ಕೂರಕ್ಕೂ ಹಿಂದ್ಮುಂದು ನೋಡ್ತಾನಲ್ಲ" ಅಂದರು.

ನಾನು ಎದ್ದು ಕೂಗಾಡಲು ತಯಾರಾದೆ. ಅಣ್ಣ ನಮ್ಮ ಯಾರನ್ನೂ ನೋಡುತ್ತಿರಲಿಲ್ಲ. ಒಳಬಾಗಿಲ ಮರೆಯಲ್ಲಿ ಒಬ್ಬ ಹೆಂಗಸು ಅರ್ಧ ಸೆರಗು ಹೊದ್ದು, ಉಣ್ಣೆ ನೂಲುವ ಕದಿರು ಹಿಡಿದು ನಿಂತಿದ್ದಳು. ಕಾಳಕ್ಕ, ಕರಿಸಿದ್ದಪ್ಪನವರ ಅಕ್ಕ. ತಾಯಿಯಿಲ್ಲದ ಚಂದ್ರಕ್ಕನನ್ನು ಎತ್ತಿ ಆಡಿಸಿ ಬೆಳೆಸಿದವಳು. ಹರೆಯದಲ್ಲೇ ಗಂಡ ಸತ್ತಿದ್ದರಿಂದ ಶುಭಕಾರ್ಯದ ಕಂಬಳಿ ಅವಳಿಗಲ್ಲ.

ಅಣ್ಣ ಒಂದು ಹೆಜ್ಜೆ ಮುಂದೆ ಹೋಗಿ, ಸಂತೆ ದಿನದ ಅದೇ ದನಿಯಲ್ಲಿ ಹೇಳಿದ. "ಬರ್ರಮ್ಮ, ಮುಂದ್ಲ ಸೀಟು ಖಾಲಿ ಐತೆ. ನೀವು ಹತ್ತದೆ ನಾನು ರೈಟ್ ಅನ್ನಲ್ಲ."

ಯಾರೋ ಕಿಸಕ್ಕೆಂದರು. ಒಳಗಿನಿಂದ ಬಂದ ನಗು ಚಂದ್ರಕ್ಕನದು. ಆದರೆ ಮೂಲೆಯಲ್ಲಿದ್ದ ಹಿರಿಯರೊಬ್ಬರು, ಗಂಡ ಸತ್ತವಳು ಕೂತರೆ ಕಂಬಳಿ ಕೆಡುತ್ತದೆ ಎಂದು ಗೊಣಗಿದರು. ಅಣ್ಣ ಬಗ್ಗಿ ಕಂಬಳಿಯ ಅಂಚು ಸವರಿ, ಅವರ ಆರೋಗ್ಯ ವಿಚಾರಿಸುವವನ ಹಾಗೆ ಕೇಳಿದ. "ಚೆನ್ನಾಗೈತೆ ಯಜಮಾನ್ರೆ. ಯಾರು ನೂತಿದ್ರು ಇದನ್ನ?"

ಆ ಮನೆಯಲ್ಲಿ ಉಣ್ಣೆ ನೂಲುವ ಕೈ ಯಾರದೆಂದು ಊರಿಗೆಲ್ಲ ಗೊತ್ತಿತ್ತು. ಕರಿಸಿದ್ದಪ್ಪ ಕೈಯಲ್ಲಿದ್ದ ಎಲೆಯನ್ನು ತಟ್ಟೆಗಿಟ್ಟರು. ಆಮೇಲೆ ಪಕ್ಕಕ್ಕೆ ಸರಿದು ಜಾಗ ಬಿಟ್ಟು, "ಬಾರಕ್ಕ" ಅಂದರು.

ಕಾಳಕ್ಕ ಬಂದು ತುದಿಯಲ್ಲಿ ಮುದುರಿ ಕೂತಳು. ಆಮೇಲೆ ಅಣ್ಣ ಅವಳ ಪಕ್ಕದಲ್ಲಿ, ಗೆರೆಯ ಗೊಡವೆಯಿಲ್ಲದೆ ಚಕ್ಕಳಮಕ್ಕಳ ಹಾಕಿದ. ಗೊಣಗಿದ ಹಿರಿಯರು ಎದ್ದು ಟವಲ್ಲು ಕೊಡವಿಕೊಂಡು ಹೊರಗೆ ಹೋದರು. ಯಾರೂ ತಡೆಯಲಿಲ್ಲ.

ಏನಂತೀಯ ಎಂದು ಕರಿಸಿದ್ದಪ್ಪ ಅಕ್ಕನನ್ನು ಕೇಳಿದರು. ಅವಳನ್ನು ಆ ಮನೆಯಲ್ಲಿ ಹಾಗೆ ಕೇಳಿದ್ದು ಅದೇ ಮೊದಲಿರಬೇಕು. ಅವಳು ಸೆರಗು ಸರಿಮಾಡಿಕೊಂಡು ತಮ್ಮನಿಗೆ ಹೇಳಿದಳು.

"ಶೋಕಿ ಅಂದೋರು ಅಂಗಿ ನೋಡ್ಯಾರೆ ಕಣಪ್ಪ. ಇವನು ಮಂದೆ ನಡುವೆ ನಡೆದ್ರೆ ಒಂದು ಮರಿನೂ ಬೆದರಲ್ಲ. ತಾಂಬೂಲ ಕೊಡು."

ತಾಂಬೂಲದ ತಟ್ಟೆಯನ್ನು ಅವಳ ಕೈಯಿಂದಲೇ ಕೊಡಿಸಿದರು. ಅವ್ವ ತಟ್ಟೆಯ ಜೊತೆಗೆ ಆ ಕೈಯನ್ನೂ ಹಿಡಿದುಕೊಂಡಳು.

ಕೂಟದಲ್ಲಿ ನಾವು ಗುದ್ದಾಡಿದ ಮಾತುಗಳೆಲ್ಲ ಅವತ್ತು ನನ್ನ ತಲೆಯಲ್ಲಿದ್ದವು. ಒಂದೂ ಅಣ್ಣನ ಮೈಗೆ ಸರಿಯಾಗಿ ಕೂರಲಿಲ್ಲ. ಇವತ್ತಿಗೂ ಸಭೆಗಳಲ್ಲಿ ನಾನು ಮೇಜು ಗುದ್ದುತ್ತೇನೆ, ಗುದ್ದಲೇಬೇಕಾದ ಮೇಜುಗಳು ಇನ್ನೂ ಇವೆ. ಆದರೆ ಕೆಲವೊಮ್ಮೆ ಎತ್ತಿದ ಕೈ ತಡೆದು, ಇದನ್ನು ನೂತವರು ಯಾರು ಎಂದು ಮೆಲ್ಲಗೆ ಕೇಳಿ ನೋಡುತ್ತೇನೆ.

ಮರಳಿ ಬರುವಾಗ ಬಸ್ಸಿನಲ್ಲಿ ಅಣ್ಣ ಕಿಟಕಿ ಪಕ್ಕ ಕೂತಿದ್ದ. ಪ್ಯಾಂಟಿನ ಗೆರೆ ಮುರಿದುಹೋಗಿತ್ತು, ಮೊಣಕಾಲಿನವರೆಗೂ ಕರಿ ಉಣ್ಣೆಯ ಎಳೆಗಳು. ಅಂಗಿಯ ಮೇಲೆ ಧೂಳಿನ ಕಣ ಕೂರಲೂ ಬಿಡದವನು ಅವನು. ಅವ್ವ ಸೆರಗಿನ ತುದಿಯಿಂದ ಒರೆಸಲು ಬಗ್ಗಿದಳು.

"ಇರ್ಲಿ ಬಿಡವ್ವ," ಅಂದ.