ಮಾರ್ಸುದಿಯ ಲಿವರೂ ದಾಕ್ಷಿಣ್ಯವೂ

ಹಕ್ಕಿಪಂಜರ ಹೆಣೆಯುವ ಮಾರ್ಸುದಿಗೆ ಐವತ್ತೆಂಟು ವರ್ಷ. ಅಷ್ಟೂ ವರ್ಷದಲ್ಲಿ ಅವನು ಒಬ್ಬರಿಗೂ 'ಇಲ್ಲ' ಅಂದವನಲ್ಲ. ಯಾರು ಏನು ಕೇಳಿದರೂ, ಯಾರು ಏನು ಕೊಟ್ಟರೂ ತಲೆ ಬಗ್ಗಿಸಿ "ಆಗ್ಲಿ" ಅನ್ನುವುದೊಂದೇ ಗೊತ್ತು. ಜಾವಾದ ಜನವೇ ದಾಕ್ಷಿಣ್ಯದವರು, ನಿಜ. ಆದರೆ ಇವನದು ಅತಿಯಾಯಿತು ಅಂತ ಕ್ಲಾತೆನ್ ಕಡೆಯ ಆ ಬೀದಿಯವರೇ ನಗುತ್ತಿದ್ದರು. ಒಂದು ಸಂಜೆ ಮೂರು ಮನೆಯ ಊಟಕ್ಕೆ ಆಗ್ಲಿ ಅಂದು, ಮೂರೂ ಕಡೆ ಹೊಟ್ಟೆ ಬಿರಿಯ ಉಂಡು, ಮನೆಗೆ ಬಂದು ಹೆಂಡತಿ ಬಡಿಸಿದ್ದನ್ನೂ ಉಂಡು ಮಲಗಿದ ಪುಣ್ಯಾತ್ಮ ಅವನು.

ಕ್ಷಯ ಬಂದಾಗಲೂ ಅದೇ ಕಥೆ. ಆರೋಗ್ಯ ಕೇಂದ್ರದ ನರ್ಸ್ ಹೆನಿಂಗ್, "ಆರು ತಿಂಗಳು, ಒಂದು ದಿನಾನೂ ತಪ್ಪಿಸದೆ ಮಾತ್ರೆ ನುಂಗ್ಬೇಕು" ಅಂದಳು.

"ಆಗ್ಲಿ."

"ನುಂಗೋದನ್ನ ನೋಡೋಕೆ ಮನೇಲೊಬ್ರು ಕಾವಲು ಬೇಕು. ನಿಮ್ಮ ಹೆಂಡ್ತಿ ಆಗ್ಬಹುದಾ?"

"ಆಗ್ಲಿ."

"ನನ್ನನ್ನೂ ಒಂದು ಮಾತು ಕೇಳ್ಬಹುದಿತ್ತು" ಅಂದಳು ಹೆಂಡತಿ ಲಾಸ್ಮಿನಿ. ಆದರೆ ಗುರುತು ಹಾಕುವ ಕಾರ್ಡು ಕೈಗೆ ಬಂದದ್ದೇ ತಡ, ಅವಳಿಗೆ ಪೊಲೀಸ್ ಇನ್ಸ್‌ಪೆಕ್ಟರ್ ಗತ್ತು ಬಂತು. ದಿನಾ ಬೆಳಿಗ್ಗೆ ಗಂಡನ ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡಿಯೇ ಗುರುತು ಹಾಕುವಳು. ಮಾತ್ರೆಯಿಂದ ಮೂತ್ರ ಕೆಂಪಗಾಗುತ್ತೆ ಅಂತ ನರ್ಸ್ ಮೊದಲೇ ಹೇಳಿದ್ದಳು. ಅದಕ್ಕೂ ಆಗ್ಲಿ ಅಂದಿದ್ದನೇ ಹೊರತು ಕಿವಿಗೆ ಹಾಕಿಕೊಂಡಿರಲಿಲ್ಲ. ಮೊದಲ ದಿನ ಬಚ್ಚಲಿಂದ ಬಂದವನೇ ಗೋಡೆಗೊರಗಿ ಕೂತು, ಯಾರ್ಯಾರಿಗೆ ಯಾವ ಪಂಜರ ಕೊಡಬೇಕು ಅಂತ ಹೆಂಡತಿಗೆ ಹೇಳಿ ಮುಗಿಸಿದ್ದ.

ಇಷ್ಟರಲ್ಲಿ ಬೀದಿಗೆಲ್ಲ ಗೊತ್ತಾಯಿತು. "ಅಷ್ಟು ತಿಂಗಳು ಅಂಥ ಮಾತ್ರೆ ತಿಂದ್ರೆ ಲಿವರ್ ಸುಟ್ಟುಹೋಗುತ್ತಪ್ಪ" ಅಂತ ಎಲ್ಲರಿಗೂ ಕನಿಕರ. ಬೀದಿಯ ಯಜಮಾನ ಗುನಾದಿ ದಿನಬಿಟ್ಟು ದಿನ ಕೊರವ ಮೀನಿನ ಸಾರು ತಂದುಕೊಟ್ಟ. ಪಕ್ಕದ ಮನೆಯಾಕೆ ನೆಲನೆಲ್ಲಿ ಅರೆದು ತಂದಳು. ಅಳಿಯನಂತೂ ಫೋನಿನಲ್ಲಿ ನೋಡಿ ಒಂದು ಡಬ್ಬ ಗುಳಿಗೆ ತರಿಸಿದ. ಡಬ್ಬದ ಮೇಲೆ ಲಿವರಿನ ಚಿತ್ರ, ಲಿವರಿಗೆ ನಗುಮುಖ. ಎಲ್ಲಕ್ಕೂ ಆಗ್ಲಿ, ಎಲ್ಲವೂ ಹೊಟ್ಟೆಗೆ.

ಇವರೆಲ್ಲ ಒಂದು ತೂಕವಾದರೆ ಅಕ್ಕ ಸುಕಿನೆಮ್ ಒಬ್ಬಳೇ ಒಂದು ತೂಕ. ಎಪ್ಪತ್ತೆರಡರಲ್ಲೂ ಬೆನ್ನಿಗೆ ಬುಟ್ಟಿ ಕಟ್ಟಿ, ಬುಟ್ಟಿ ತುಂಬ ಜಾಮು ಕಷಾಯದ ಬಾಟಲಿ ಇಟ್ಟುಕೊಂಡು ಬೆಳಿಗ್ಗೆ ಬೆಳಿಗ್ಗೆಯೇ ಮನೆಮನೆ ಸುತ್ತುವವಳು. ತಮ್ಮನಿಗೆ ಐದು ವರ್ಷವಿದ್ದಾಗ ತಾಯಿ ಇದೇ ಕೆಮ್ಮಿನಲ್ಲಿ ತೀರಿಕೊಂಡಳು. ಹತ್ತೊಂಬತ್ತರ ಸುಕಿನೆಮ್ ಅವನನ್ನು ಸೆರಗಿನ ತುದಿ ಹಿಡಿಸಿಕೊಂಡು, ಕಷಾಯ ಮಾರುತ್ತ ಸಾಕಿದಳು. ಈಗ ಅವನಿಗೆಂದೇ ಬೇರೆ ಬಾಟಲಿ: ಅರಿಶಿನದ ಜಾತಿಯ ತೆಮುಲಾವಾಕ್ ಗೆಡ್ಡೆ ತೇಯ್ದು, ಮೇಲೆ ನೆಲಬೇವು ಹಾಕಿ ಕುದಿಸಿದ್ದು. ಕಪ್ಪಗೆ, ಮಂದಗೆ, ಲೋಟದ ಕಂಠದವರೆಗೆ. ದಿನಾ ಎದುರಿಗೆ ನಿಂತು ಕುಡಿಸಿ, "ಹೇಗಿದೆ?" ಅನ್ನುವಳು.

"ಚೆನ್ನಾಗಿದೆ ಅಕ್ಕ."

ಮರುದಿನ ನೆಲಬೇವು ಇನ್ನೊಂದು ಹಿಡಿ ಜಾಸ್ತಿ ಬೀಳುತ್ತಿತ್ತು.

ಮೂರನೆಯ ತಿಂಗಳಲ್ಲಿ ಮಾರ್ಸುದಿಗೆ ಊಟದ ಹೆಸರೆತ್ತಿದರೆ ಓಕರಿಕೆ. ಒಂದು ಬೆಳಿಗ್ಗೆ ಬಾಯಿ ತಪಾಸಣೆಗೆ ಬಂದ ಲಾಸ್ಮಿನಿ ಕಣ್ಣು ನೋಡಿ ಕಾರ್ಡು ಕೆಳಗಿಟ್ಟಳು. ಕಣ್ಣಿನ ಬಿಳಿ ಅರಿಶಿನ ಬಳಿದ ಹಾಗಿತ್ತು.

ರಕ್ತ ಪರೀಕ್ಷೆಯಾಯಿತು. ಡಾಕ್ಟರು ಮಾತ್ರೆಯನ್ನೆಲ್ಲ ನಿಲ್ಲಿಸಿದರು. ನರ್ಸ್ ಹೆನಿಂಗ್ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, "ನಿಮ್ಮ 'ಆತಿ' ಕೆಟ್ಟಿದೆ" ಅಂದಳು. ಜಾವಾ ಮಾತಿನಲ್ಲಿ ಲಿವರಿಗೂ ಮನಸ್ಸಿಗೂ ಅದೊಂದೇ ಹೆಸರು.

"ನಾನು ಯಾರ ಮೇಲೂ ಮನಸ್ಸು ಕೆಡಿಸಿಕೊಂಡಿಲ್ವಲ್ಲಮ್ಮ" ಅಂದ ಮಾರ್ಸುದಿ, ಗಾಬರಿಯಿಂದ.

"ಅದೇ ನಿಮ್ಮ ಕಾಯಿಲೆ ಅನ್ನಿಸುತ್ತೆ ನಂಗೆ. ಮಾತ್ರೆಯಿಂದ್ಲೂ ಹೀಗಾಗ್ಬಹುದು. ಅದ್ರ ಜೊತೆ ಬೇರೆ ಏನೇನು ಕುಡೀತಿದ್ದೀರಿ, ಹೇಳಿ."

"ಏನೋ, ಸ್ವಲ್ಪ..."

"ಸ್ವಲ್ಪವೇ!" ಅನ್ನುತ್ತ ಲಾಸ್ಮಿನಿ ಬೆರಳು ಮಡಿಸತೊಡಗಿದಳು. ನರ್ಸ್ ಬರೆದಳು, ಹಾಳೆ ತಿರುವಿ ಬರೆದಳು, ಕೊನೆಗೆ ಪೆನ್ನು ಕೆಳಗಿಟ್ಟಳು.

"ಅಲ್ರೀ, ಇಡೀ ಗಿಡಮೂಲಿಕೆ ಅಂಗಡೀನೇ ನುಂಗಿದ್ದೀರಲ್ಲ!"

"ಪಾಪ, ಪ್ರೀತಿಯಿಂದ ಕೊಡ್ತಾರೆ. ಬೇಡ ಅಂತ ಹೇಗನ್ನೋದು?"

"ಅವರ ಪ್ರೀತೀನೆಲ್ಲ ಸೋಸಿ ಸಾಯೋದು ನಿಮ್ಮ ಲಿವರ್ ಕಣ್ರೀ! ಮಾತ್ರೆ ಸೋಸೋ ಕೆಲಸವೇ ಅದಕ್ಕೆ ಬೆಟ್ಟದಷ್ಟಿದೆ." ಆಮೇಲೆ ಅವಳ ದನಿ ತಗ್ಗಿತು. "ಎರಡು ವಾರದಲ್ಲಿ ಈ ಕಾಮಾಲೆ ಇಳೀಬೇಕು. ಇಳೀದಿದ್ರೆ ಮಾತ್ರೆ ಮತ್ತೆ ಶುರು ಮಾಡೋಕಾಗಲ್ಲ. ಮಾತ್ರೆ ಇಲ್ಲ ಅಂದ್ರೆ ಎದೇಲಿರೋ ರೋಗ ಎದ್ದು ಕೂರುತ್ತೆ. ಆಮೇಲೆ ಅದನ್ನ ಮಲಗಿಸೋದು ಕಷ್ಟ."

ಮಾರ್ಸುದಿಗೆ ತಾಯಿಯ ಮುಖ ಸರಿಯಾಗಿ ನೆನಪಿಲ್ಲ. ಗೋಡೆಯಾಚೆಯಿಂದ ಕೇಳುತ್ತಿದ್ದ ಕೆಮ್ಮು ಮಾತ್ರ ಚೆನ್ನಾಗಿ ನೆನಪಿದೆ. ಅವನೇ ಮೆಲ್ಲಗೆ ಕೇಳಿದ.

"ಲಿವರಿಗೆ ಒಳ್ಳೇದಾಗೋ ಹಾಗೆ ಸಹಜವಾದ್ದು ಏನಾದ್ರೂ ಇದ್ರೆ..."

"ಇದೆ. ಅನ್ನ, ಮೊಟ್ಟೆ, ಸೋಯಾಕಾಳಿನ ಟೆಂಪೆ, ಪಪ್ಪಾಯಿ, ನೀರು, ನಿದ್ದೆ. ಅದೆಲ್ಲಕ್ಕಿಂತ ಮೇಲು, 'ಇಲ್ಲ' ಅನ್ನೋ ಮಾತು." ನರ್ಸ್ ಕಾರ್ಡು ಎಳೆದುಕೊಂಡು, ಮಾತ್ರೆಯ ಕಾಲಮ್ಮಿನ ಪಕ್ಕ ಸ್ಕೇಲಿಟ್ಟು ಇನ್ನೊಂದು ಕಾಲಂ ಗೀಚಿ, ಮೇಲೆ 'ಇಲ್ಲ' ಅಂತ ಬರೆದಳು. "ದಿನಕ್ಕೊಂದಾದ್ರೂ ಗುರುತು ಬೀಳ್ಬೇಕು. ಬನ್ನಿ, ಇಲ್ಲೇ ಅಭ್ಯಾಸ ಮಾಡೋಣ. ಒಂದು ಬಿಸ್ಕತ್ತು ತಗೊಳ್ಳಿ."

"ಆಗ್ಲಿ" ಅಂದು ಮಾರ್ಸುದಿ, ಓಕರಿಕೆಯಲ್ಲೂ ತಿಂದ.

"ಇನ್ನೊಂದು?"

ಅದನ್ನೂ ತಿಂದ. ಲಾಸ್ಮಿನಿ ಹಣೆ ಚಚ್ಚಿಕೊಂಡಳು.

ಮೊದಲ ದಿನ ಮೀನಿಗಾಗಿ ಕಾಲು ಸುತ್ತಿದ ಬೆಕ್ಕಿಗೆ "ಇಲ್ಲ" ಅಂದು ಹೆಂಡತಿಯ ಮುಖ ನೋಡಿದ. "ಬೆಕ್ಕಿಗೆ ಅಂದದ್ದು ಲೆಕ್ಕಕ್ಕಿಲ್ಲ" ಅಂದಳು ಇನ್ಸ್‌ಪೆಕ್ಟರು. ಸಾರಿನ ಪಾತ್ರೆ ಹಿಡಿದು ಯಜಮಾನ ಗುನಾದಿ ಬಂದಾಗ 'ಇಲ್ಲ' ಅನ್ನಲು ಹೋಗಿ, ಅದು ಗಂಟಲಲ್ಲೇ ಸಿಕ್ಕಿಕೊಂಡು ಕೆಮ್ಮಾಗಿ ಬಂತು. ಎರಡನೆಯ ಸಲ ಹೇಗೋ ಹೊರಬಿತ್ತು. ಗುನಾದಿ ಸಿಟ್ಟಾಗುವುದಿರಲಿ, ಜಗುಲಿಯ ಮೇಲೆ ಉಸ್ಸೆಂದು ಕೂತ. "ಅಬ್ಬ, ಬದುಕಿದೆ ಮಾರಾಯ! ಎರಡು ತಿಂಗಳಿಂದ ಆ ಮೀನು ಹುಡುಕಿ ಹುಡುಕಿ ಸಾಕಾಗಿತ್ತು. ನಿಲ್ಲಿಸಿದ್ರೆ ನೀನು ಬೇಜಾರು ಮಾಡ್ಕೋತೀಯ ಅಂತ ಸುಮ್ನಿದ್ದೆ."

ಪಕ್ಕದ ಮನೆಯಾಕೆಗೂ ಆಯಿತು, ಅಳಿಯನಿಗೂ ಆಯಿತು. ಉಳಿದವಳು ಅಕ್ಕ. ಮೂರು ಬೆಳಿಗ್ಗೆ ಅವಳು ಬರುವ ಹೊತ್ತಿಗೆ ಮುಸುಕು ಹಾಕಿ ಮಲಗಿದ. "ಎದ್ದಾಗ ಕುಡಿಸೇ" ಅಂತ ಲೋಟ ಇಟ್ಟುಹೋಗುವಳು. ಲಾಸ್ಮಿನಿ ಅದನ್ನು ಹಾಗೇ ಮುಚ್ಚಿಡುವಳು. ಮುಸುಕಿನೊಳಗೆ ಮಾರ್ಸುದಿಗೆ ಒಂದೇ ಸಂಕಟ. ತನ್ನ ಆತಿ ಉಳಿಯಬೇಕಾದರೆ ಅಕ್ಕನ ಆತಿ ಮುರಿಯಬೇಕು. ಸಾಕಿದವಳಿಗೆ ಯಾವ ಬಾಯಲ್ಲಿ ಹೇಳುವುದು?

ನಾಲ್ಕನೆಯ ದಿನ ಸುಕಿನೆಮ್ ಬಂದವಳೇ ಮುಸುಕು ಎಳೆದಳು. "ನಾಟಕ ಸಾಕು. ಏಳು, ಕುಡಿ."

ಅಭ್ಯಾಸ ಬಲ, ಕೈ ತಾನಾಗಿ ಲೋಟ ಹಿಡಿಯಿತು. ಬಾಗಿಲಲ್ಲಿ ಲಾಸ್ಮಿನಿ ಕಾರ್ಡು ಹಿಡಿದು ನಿಂತಿದ್ದಳು. ಮಾರ್ಸುದಿ ಲೋಟ ನೋಡಿದ, ಕಾರ್ಡು ನೋಡಿದ, ನೆಲ ನೋಡಿದ.

"ಇಲ್ಲಕ್ಕ. ಬೇಡ."

ಯಾರು ಮಾತಾಡಿದ್ದು ಅಂತ ಸುಕಿನೆಮ್ ಒಮ್ಮೆ ಹಿಂದೆ ತಿರುಗಿ ನೋಡಿದಳು.

"ನರ್ಸು ಹೇಳಿದ್ರು, ಲಿವರು ತಡೆಯಲ್ಲ ಅಂತ..."

"ನರ್ಸಿನ ಮಾತು ಬಿಡು. ನೀನು ಹೇಳು. ನಾನು ಮಾಡಿದ್ದು ಬೇಡ್ವಾ?"

"ಬೇಡಕ್ಕ."

ಸುಕಿನೆಮ್ ಅವನ ಕೈಯಿಂದ ಲೋಟ ತೆಗೆದುಕೊಂಡಳು. ಲೋಟದಲ್ಲಿದ್ದದ್ದನ್ನು ಬಾಟಲಿಗೆ ಸುರಿದು, ಬುಟ್ಟಿ ಬೆನ್ನಿಗೆ ಬಿಗಿದು ಹೊರಟುಹೋದಳು. ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ. ಲಾಸ್ಮಿನಿ ಕಾರ್ಡಿನಲ್ಲಿ ಗುರುತು ಹಾಕಲು ಹೋಗಿ ಹಾಕದೇ ಬಿಟ್ಟಳು. ಮಾರ್ಸುದಿ ಟೆಂಪೆ ತಿಂದ, ಪಪ್ಪಾಯಿ ತಿಂದ, ನೀರು ಕುಡಿದ, ಸುಮ್ಮನೆ ಕೂತು ಬಿದಿರು ಸೀಳಿದ. ಅದೇ ಯೋಚನೆಯಲ್ಲಿ ಚೆಂದದ ಪಂಜರವೊಂದನ್ನು ಹೆಣೆದು ಮುಗಿಸಿದ ಮೇಲೆ ನೋಡಿದರೆ ಅದಕ್ಕೆ ಬಾಗಿಲೇ ಇರಲಿಲ್ಲ.

ಎರಡು ವಾರಕ್ಕೆ ಮತ್ತೆ ರಕ್ತ ಕೊಟ್ಟ. ಕಾಮಾಲೆ ಇಳಿದಿತ್ತು. ಪೂರ್ತಿ ಅಲ್ಲದಿದ್ದರೂ, ಮಾತ್ರೆಗಳನ್ನು ಒಂದೊಂದಾಗಿ ಮತ್ತೆ ಶುರು ಮಾಡಬಹುದು ಅಂದರು ಡಾಕ್ಟರು. ನರ್ಸ್ ಹೆನಿಂಗ್ ಖುಷಿಗೆ ಬಿಸ್ಕತ್ತು ಕೊಡಲು ಬಂದಳು. "ಇಲ್ಲ" ಅಂದ. ಆದರೆ ಮುಖದಲ್ಲಿ ನಗುವಿರಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಮಾತ್ರೆ ಅಂಗೈಯಲ್ಲಿಟ್ಟುಕೊಂಡು ಕೂತಿದ್ದಾಗ ಜಗುಲಿಯಲ್ಲಿ ಬುಟ್ಟಿ ಇಳಿಸಿದ ಸದ್ದಾಯಿತು. ಸುಕಿನೆಮ್ ಬಂದು ಎದುರಿಗೇ ಕೂತಳು.

"ಒಂದು ಕೇಳ್ತೀನಿ, ನಿಜ ಹೇಳು. ಅದು ಕಹಿಯಿತ್ತೇನೋ?"

"ತುಂಬಾ ಕಹಿ ಅಕ್ಕ."

"ಯಾವತ್ತಿಂದ?"

"ಮೊದಲಿಂದ್ಲೂ."

"ಅಯ್ಯೋ ನಿನ್ನ! ಐದು ವರ್ಷದವನಿದ್ದಾಗ ಬಾಯಿಗಿಟ್ಟೆ, ಚೆನ್ನಾಗಿದೆ ಅಕ್ಕ ಅಂದೆ. ಈ ಹುಡುಗನಿಗೆ ಕಹಿ ಅಂದ್ರೆ ಪ್ರಾಣ ಅಂದ್ಕೊಂಡೆ. ಹುಣಸೆಹಣ್ಣು ಬೆಲ್ಲ ಹಾಕಿದ ಸಿಹಿ ಕಷಾಯಾನ ಬೀದಿ ಮಕ್ಕಳಿಗೆಲ್ಲ ಕುಡಿಸ್ದೆ, ನಿಂಗೊಂದು ಲೋಟ ಕೊಡ್ಲಿಲ್ಲ. ಬಾಯಿರಲಿಲ್ವೇನೋ ನಿಂಗೆ?"

"ನಿಂಗೆ ಬೇಜಾರಾಗುತ್ತೆ ಅಂತ..."

"ಐವತ್ತು ಚಿಲ್ರೆ ವರ್ಷ!" ಅಂದು ಸುಕಿನೆಮ್ ನಕ್ಕಳು. ನಗುತ್ತ ನಗುತ್ತಲೇ ಕಣ್ಣಿಗೆ ನೀರು ಬಂತು, ಸೆರಗು ಹಿಡಿದಳು. "ಹಾಗಾದ್ರೆ ನಾನು ನಿನ್ನ ಸಾಕಿದ್ದು? ಅದನ್ನೂ ಹೀಗೇ ದಾಕ್ಷಿಣ್ಯಕ್ಕೆ ಚೆನ್ನಾಗಿದೆ ಅಂತ ನುಂಗಿದ್ಯೇನೋ?"

"ಇಲ್ಲ!"

ಮೇಲೆ ತೂಗುಹಾಕಿದ್ದ ಪಂಜರದ ಹಕ್ಕಿ ಬೆದರಿ ರೆಕ್ಕೆ ಬಡಿಯಿತು. ಮಾರ್ಸುದಿ ತಲೆ ಬಗ್ಗಿಸಿರಲಿಲ್ಲ, ಅಕ್ಕನ ಮುಖವನ್ನೇ ನೋಡುತ್ತಿದ್ದ. "ಇಲ್ಲ ಅಕ್ಕ" ಅಂದ ಮತ್ತೆ, ಮೆಲ್ಲಗೆ.

ಸುಕಿನೆಮ್ ಮೂಗು ಒರೆಸಿಕೊಂಡಳು. ಆಮೇಲೆ ಬುಟ್ಟಿಯಿಂದ ಅವನ ಬಾಟಲಿಯನ್ನೇ ತೆಗೆದು, ಅದೇ ಲೋಟಕ್ಕೆ ಬಗ್ಗಿಸಿದಳು. ಬರೀ ಬಿಸಿನೀರು.

"ತಗೋ, ಮಾತ್ರೆ ನುಂಗು."

ಮಾರ್ಸುದಿ ನುಂಗಿ, ಬಾಯಿ ತೆರೆದು ತೋರಿಸಿದ. ಲಾಸ್ಮಿನಿ ಮಾತ್ರೆಯ ಕಾಲಮ್ಮಿನಲ್ಲಿ ಗುರುತು ಹಾಕಿ, ಪಕ್ಕದ ಕಾಲಮ್ಮಿನಲ್ಲೂ ಒಂದು ಹಾಕಿದಳು.

"ಒಂದೇ ಯಾಕೆ?" ಅಂದಳು ಸುಕಿನೆಮ್, ಕಾಲಮ್ಮಿನ ಮೇಲಿನ 'ಇಲ್ಲ' ಇಣುಕಿ ನೋಡಿ, ಬುಟ್ಟಿ ಬೆನ್ನಿಗೇರಿಸಿಕೊಳ್ಳುತ್ತ. "ಎರಡು ಸಲ ಅಂದ. ಎರಡು ಹಾಕೇ."